ಮೌನಿ ಸೇನಾನಿ

೧೮೮೯ನೆಯ ಇಸವಿಯ ಅಕ್ಟೋಬರ್ ೨೧ನೆಯ ತಾರೀಖು, ಸೈಲೀಷಿಯ ಪ್ರಾಂತದ ಕ್ರೈಸೌ ಎಂಬ ಹಳ್ಳಿಯ ಒಂದು ದೊಡ್ಡ ಮನೆಗೆ ಎಡಿಸನ್ನನ ಕೈಕೆಳಗಿನ ವಾಂಗೆಮನ್ ಎಂಬುವನು ಒಂದು ಯಂತ್ರವನ್ನು ತೆಗೆದುಕೊಂಡು ಬಂದನು. ಆಡಿದ ಮಾತನ್ನು ಮೇಣದ ಉರುಳೆಯ ಮೇಲೆ ಕೊರೆದು ಮತ್ತೆ ಕೇಳಿಸುವ ಯಂತ್ರವದು. ಮನೆಯ ಯಜಮಾನನಿಗೆ ಇನ್ನೈದು ದಿನ ಕಳೆದರೆ ಎಂಬತ್ತೊಂಬತ್ತು ವರ್ಷ ತುಂಬುವುದರಲ್ಲಿದ್ದಿತು. ಆ ವೃದ್ಧನು ಯಂತ್ರದ ಮುಂದೆ ಕುಳಿತು ಗಯಟೆ ಕವಿಯ ಮತ್ತು ಷೇಕ್ಸ್‌ಪಿಯರನ ನಾಟಕಗಳಿಂದ ಕೆಲವು ಸಾಲುಗಳನ್ನು ಹೇಳಿದನು. ಗೋರಿಯಲ್ಲಿ ಬಹುಕಾಲದಿಂದ ಮಲಗಿರುವವನು ಕೂಡ ಈ ಯಂತ್ರದ ದೆಸೆಯಿಂದ ಮತ್ತೊಮ್ಮೆ ಧ್ವನಿಯೆತ್ತಿ ಇಂದಿನವರನ್ನು ಮಾತನಾಡಿಸಬಹುದಲ್ಲವೆ ಎಂದು ಆಶ್ಚರ್ಯವನ್ನೂ ಪಟ್ಟನು. ಆ ಉರುಳೆಗಳು ಅಮೆರಿಕದಲ್ಲಿ ಎಡಿಸನ್ನನ ಪ್ರಯೋಗಶಾಲೆಯ ಮೂಲೆಯನ್ನು ಸೇರಿ ಹೆಸರಿಲ್ಲದೆ ಬಿದ್ದಿದ್ದವು. ಅವುಗಳಲ್ಲಿರುವುದು ಯಾರ ಕಂಠವೆಂಬುದು ಲೋಕಕ್ಕೆ ತಿಳಿದದ್ದು ೨೦೧೨ರಲ್ಲಿ. ೧೮೦೦ರಲ್ಲಿ ಹುಟ್ಟಿದ ಮನುಷ್ಯನೊಬ್ಬನ ಮಾತನ್ನು ಈಗ ನಾವು ಕೇಳಬಹುದಾಗಿದೆ. ತಿಳಿದುಬಂದಿರುವಮಟ್ಟಿಗೆ ಅದಕ್ಕಿಂತ ಹಿಂದೆ ಹುಟ್ಟಿದ ಯಾರ ಧ್ವನಿಯೂ ಉಳಿದಿಲ್ಲ.

ಕಣ್ಣಿಗೆ ಕಾಣದ ಕೇಳುಗರನ್ನು ನಂಬಿ ಮಾತನಾಡುವ ನನ್ನಂಥವರಿಗೆ ಇದೇ ಒಂದು ಸೋಜಿಗ. ಅದಕ್ಕಿಂತ ಹೆಚ್ಚಿನ ಸೋಜಿಗವೆಂದರೆ, ಹೀಗೆ ಉಳಿದುಬಂದ ಧ್ವನಿಯು ಅತ್ಯಂತ ಮಿತಭಾಷಿಯೆಂದು ಹೆಸರಾದವನದು. ಆತನು ಏಳು ಭಾಷೆಗಳನ್ನು ಬಲ್ಲವನು, ಏಳರಲ್ಲಿಯೂ ಮೌನವಾಗಿರಬಲ್ಲವನು ಎಂದು ಜನರು ಹಾಸ್ಯ ಮಾಡುತ್ತಿದ್ದರು. ಆತನೇ ಪ್ರಷ್ಯ ದೇಶದ ಸೇನಾನಿ ಹೆಲ್ಮೂಟ್ ಫಾನ್ ಮೋಲ್ಟ್ಕೆ. ಆಸ್ಟ್ರಿಯವನ್ನು ಏಳು ವಾರಗಳಲ್ಲಿ ಸೋಲಿಸಿ, ಫ್ರಾನ್ಸಿನ ಚಕ್ರವರ್ತಿಯನ್ನೇ ಸೆರೆಹಿಡಿದು, ಯೂರೋಪಿನ ನಕ್ಷೆಯನ್ನು ಬದಲಾಯಿಸಿದ ಸೈನ್ಯಗಳನ್ನು ನಡೆಸಿದವನು. ಆದರೆ ಅರುವತ್ತು ದಾಟುವವರೆಗೂ ಆತನು ಪ್ರಷ್ಯದ ಒಂದು ರೆಜಿಮೆಂಟನ್ನಾದರೂ ಯುದ್ಧರಂಗದಲ್ಲಿ ನಡೆಸಿದವನಲ್ಲ.

ಮೋಲ್ಟ್ಕೆಯು ಹುಟ್ಟಿದ್ದು ಪ್ರಷ್ಯದಲ್ಲಿಯೂ ಅಲ್ಲ. ೧೮೦೦ನೆಯ ಅಕ್ಟೋಬರ್ ೨೬ರಂದು ಮೆಕ್ಲೆನ್‌ಬುರ್ಗ್ ಸಂಸ್ಥಾನದ ಪಾರ್ಚಿಮ್ ಪಟ್ಟಣದಲ್ಲಿ. ಕುಲೀನ ಮನೆತನ, ಆದರೆ ಕೈಯಲ್ಲಿ ಕಾಸಿಲ್ಲ. ತಂದೆಯು ಬೇಸಾಯದಲ್ಲಿ ಕೈಸುಟ್ಟುಕೊಂಡು ಡೆನ್ಮಾರ್ಕಿನ ರಾಜನ ಸೇವೆಗೆ ಸೇರಿದನು. ೧೮೦೬ರಲ್ಲಿ ನೆಪೋಲಿಯನ್ನನ ಸೈನಿಕರು ಲ್ಯೂಬೆಕ್ ಪಟ್ಟಣಕ್ಕೆ ನುಗ್ಗಿ ಸೂರೆಮಾಡಿದಾಗ ಅಲ್ಲಿದ್ದ ಈ ಕುಟುಂಬದ ಮನೆಯೂ ಲೂಟಿಯಾಯಿತು. ಆಗ ಬಾಲಕನಿಗೆ ಆರು ವರ್ಷ. ಈ ಒಂದು ಸಂಗತಿಯನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಕೊನೆಯಲ್ಲಿ ಮತ್ತೆ ಇದರ ಮಾತು ಬರುತ್ತದೆ.

ಹನ್ನೊಂದು ವರ್ಷದ ಹುಡುಗನನ್ನು ಕೋಪನ್‌ಹೇಗನ್ನಿನ ಸೈನಿಕ ಪಾಠಶಾಲೆಗೆ ಸೇರಿಸಿದರು. ಗುರುತುಪರಿಚಯವಿಲ್ಲದ ಊರು, ಬಾರದ ಭಾಷೆ, ಕಠಿಣವಾದ ಶಿಸ್ತು. ಆತನ ಮೌನದ ಮೂಲವನ್ನು ಅಲ್ಲಿ ಹುಡುಕುವವರು ಬಹುಶಃ ತಪ್ಪಿಲ್ಲ. ೧೮೧೯ರಲ್ಲಿ ಡೆನ್ಮಾರ್ಕಿನ ಸೈನ್ಯದಲ್ಲಿ ಲೆಫ್ಟೆನೆಂಟನಾದನು. ಆದರೆ ಚಿಕ್ಕ ದೇಶದ ಚಿಕ್ಕ ಸೈನ್ಯದಲ್ಲಿ ಮೇಲೇರುವುದಕ್ಕೆ ಮೆಟ್ಟಿಲುಗಳೇ ಕಡಮೆ. ೧೮೨೨ರಲ್ಲಿ ಪರೀಕ್ಷೆ ಕೊಟ್ಟು ಪ್ರಷ್ಯದ ಸೈನ್ಯಕ್ಕೆ ಬಂದನು. ಮತ್ತೆ ಕೆಳಗಿನ ಮೆಟ್ಟಿಲಿನಿಂದಲೇ ಆರಂಭ. ಮರುವರ್ಷ ಬರ್ಲಿನ್ನಿನ ಯುದ್ಧವಿದ್ಯಾಶಾಲೆಯನ್ನು ಸೇರಿದನು. ಯುದ್ಧಶಾಸ್ತ್ರದ ಮಹಾಗ್ರಂಥವನ್ನು ಬರೆಯುತ್ತಿದ್ದ ಕ್ಲೌಸೆವಿಟ್ಸನು ಆಗ ಆ ಶಾಲೆಯ ಮುಖ್ಯಾಧಿಕಾರಿ. ಆದರೆ ಆತನು ಪಾಠ ಹೇಳುತ್ತಿರಲಿಲ್ಲ, ಆಡಳಿತವನ್ನು ಮಾತ್ರ ನೋಡಿಕೊಳ್ಳುತ್ತಿದ್ದನು. ಆ ಗ್ರಂಥವು ಅಚ್ಚಾದದ್ದು ಆತನು ತೀರಿಕೊಂಡ ಮೇಲೆಯೇ. ಗುರುಶಿಷ್ಯರು ಒಂದೇ ಸೂರಿನ ಕೆಳಗಿದ್ದು ಪಾಠ ನಡೆಯದೆ ಹೋಯಿತು.

ಸಂಬಳ ಸಾಲದ ಯುವಕನು ಲೇಖನಿಯನ್ನು ಹಿಡಿದನು. ಒಂದು ಸಣ್ಣ ಕಥೆಯನ್ನು ಬರೆದನು. ಹಾಲೆಂಡ್ ಬೆಲ್ಜಿಯಮ್ಮುಗಳ ವಿಷಯವಾಗಿಯೂ ಪೋಲೆಂಡಿನ ವಿಷಯವಾಗಿಯೂ ಪುಸ್ತಿಕೆಗಳನ್ನು ಪ್ರಕಟಿಸಿದನು. ಜನರಲ್ ಸ್ಟಾಫಿನ ಅಧಿಕಾರಿಯಾಗಬೇಕಾದರೆ ಸ್ವಂತ ಕುದುರೆ ಬೇಕು. ಕುದುರೆಗೆ ಹಣ ಬೇಕು. ಆ ಹಣಕ್ಕಾಗಿ ಗಿಬ್ಬನ್ನನ ರೋಮ್ ಚಕ್ರಾಧಿಪತ್ಯದ ಚರಿತ್ರೆಯನ್ನು ಇಂಗ್ಲಿಷಿನಿಂದ ಜರ್ಮನ್ ಭಾಷೆಗೆ ತರಲು ಒಪ್ಪಿಕೊಂಡು, ಹನ್ನೆರಡು ಸಂಪುಟಗಳಲ್ಲಿ ಒಂಬತ್ತನ್ನು ಮುಗಿಸಿಯೂ ಮುಗಿಸಿದನು. ಪ್ರಕಾಶಕನು ಕೈಕೊಟ್ಟನು. ಪುಸ್ತಕವೂ ಹೊರಬರಲಿಲ್ಲ, ಮಾತಾಡಿಕೊಂಡಿದ್ದ ಹಣವೂ ಪೂರ್ತಿ ಬರಲಿಲ್ಲ. ಗ್ರಂಥಕರ್ತರ ಈ ಅನುಭವಕ್ಕೆ ದೇಶಕಾಲಗಳ ಭೇದವಿಲ್ಲವೆಂದು ಕಾಣುತ್ತದೆ!

೧೮೩೫ರಲ್ಲಿ ರಜಾ ಪಡೆದು ಪೂರ್ವದೇಶಗಳನ್ನು ನೋಡಲು ಹೊರಟ ಮೋಲ್ಟ್ಕೆಯು ತುರ್ಕಿ ದೇಶದಲ್ಲಿ ನಾಲ್ಕು ವರ್ಷ ನಿಂತನು. ಸುಲ್ತಾನ ಎರಡನೆಯ ಮಹಮೂದನು ತನ್ನ ಸೈನ್ಯವನ್ನು ಹೊಸ ಮಾದರಿಯಲ್ಲಿ ತಿದ್ದಲು ಸಲಹೆಗಾರರನ್ನು ಹುಡುಕುತ್ತಿದ್ದನು. ಮೋಲ್ಟ್ಕೆಯು ತುರ್ಕಿ ಭಾಷೆಯನ್ನು ಕಲಿತು, ರಾಜಧಾನಿಯ ಬೀದಿಗಳನ್ನೂ ಬಾಸ್ಫರಸ್ ಜಲಸಂಧಿಯ ದಡಗಳನ್ನೂ ಅಳೆದು ನಕ್ಷೆ ಬರೆದನು. ಯೂಫ್ರಟೀಸ್ ನದಿಯ ರಭಸದ ಹರಿವಿನಲ್ಲಿ, ಗಾಳಿ ತುಂಬಿದ ತೊಗಲಿನ ಚೀಲಗಳ ಮೇಲೆ ಕಟ್ಟಿದ ತೆಪ್ಪದಲ್ಲಿ ಕುಳಿತು, ಸೈನ್ಯದ ಸಾಮಗ್ರಿಯನ್ನು ಆ ದಾರಿಯಲ್ಲಿ ಸಾಗಿಸಬಹುದೇ ಎಂದು ಪರೀಕ್ಷಿಸಿದನು. ಮನೆಯವರಿಗೆ ಬರೆದ ಕಾಗದಗಳು ೧೮೪೧ರಲ್ಲಿ ಪುಸ್ತಕವಾಗಿ ಬಂದವು. ಸೇನಾನಿಯ ಬರವಣಿಗೆಯೆಂದು ಹೇಳದೆ ಕೊಟ್ಟರೆ, ಓದುವವರು ಯಾರೋ ಒಳ್ಳೆಯ ಪ್ರವಾಸ ಸಾಹಿತಿಯದೆಂದು ತಿಳಿಯುವರು.

ಆ ನಾಡಿನಲ್ಲಿಯೇ ಆತನಿಗೆ ಮೊದಲನೆಯ ದೊಡ್ಡ ಯುದ್ಧದ ದರ್ಶನವಾಯಿತು. ಈಜಿಪ್ಟಿನ ಇಬ್ರಾಹಿಮ್ ಪಾಷನ ಮೇಲೆ ಹೋಗಿದ್ದ ತುರ್ಕಿ ಸೈನ್ಯದಲ್ಲಿ ಮೋಲ್ಟ್ಕೆಯು ಹಾಫಿಜ್ ಪಾಷನ ಸಲಹೆಗಾರ. ನಿಜಿಪ್ ಎಂಬಲ್ಲಿ ಶತ್ರುವು ಪಕ್ಕದಿಂದ ಸುತ್ತುವರಿಯುತ್ತಿರುವುದನ್ನು ಕಂಡು, ಈ ನೆಲ ನಮಗೆ ತಕ್ಕುದಲ್ಲ, ಹಿಂದೆ ಬೀರೆಜಿಕ್ಕಿನಲ್ಲಿ ಭದ್ರವಾದ ಪಾಳೆಯವಿದೆ, ಅಲ್ಲಿಗೆ ಹೋಗೋಣವೆಂದು ಆತನು ಹೇಳಿದನು. ಹಿಂದೆಗೆಯುವುದು ಅವಮಾನವೆಂದು ಪಾಷನು ಕೇಳಲಿಲ್ಲ. ೧೮೩೯ನೆಯ ಜೂನ್ ೨೪ರಂದು ಯುದ್ಧವಾಗಿ ತುರ್ಕಿ ಸೈನ್ಯವು ದಿಕ್ಕಾಪಾಲಾಗಿ ಓಡಿತು. ಆ ಸುದ್ದಿಯು ರಾಜಧಾನಿಯನ್ನು ಮುಟ್ಟುವುದಕ್ಕೆ ಮುಂಚೆಯೇ ಸುಲ್ತಾನನು ತೀರಿಕೊಂಡಿದ್ದನು. ಸರಿಯಾದ ಸಲಹೆಯನ್ನು ಕೊಟ್ಟೂ ಸೋತವರ ಜೊತೆಯಲ್ಲಿ ಓಡಬೇಕಾದ ಗತಿ ಸಲಹೆಗಾರನದು. ಸಲಹೆ ಕೊಡುವವನಿಗೆ ಅಪ್ಪಣೆ ಕೊಡುವ ಅಧಿಕಾರವಿಲ್ಲದಿದ್ದರೆ ಏನಾಗುವುದೆಂಬುದನ್ನು ಮೋಲ್ಟ್ಕೆಯು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಊರಿಗೆ ಹಿಂದಿರುಗಿ ೧೮೪೨ರಲ್ಲಿ ಮೇರಿ ಬರ್ಟ್ ಎಂಬ ಇಂಗ್ಲಿಷ್ ಕನ್ಯೆಯನ್ನು ಮದುವೆಯಾದನು. ಅವಳು ಆತನ ತಂಗಿಯ ಗಂಡನಿಗೆ ಮೊದಲನೆಯ ಹೆಂಡತಿಯಲ್ಲಿ ಹುಟ್ಟಿದ ಮಗಳು. ವರನಿಗೆ ನಲವತ್ತೊಂದು, ವಧುವಿಗೆ ಹದಿನಾರು. ಮಕ್ಕಳಾಗಲಿಲ್ಲ, ಆದರೂ ಅದು ಅನ್ಯೋನ್ಯವಾದ ದಾಂಪತ್ಯವೆಂದು ಆತನ ಕಾಗದಗಳಿಂದ ತಿಳಿಯುತ್ತದೆ. ಇದೇ ಕಾಲದಲ್ಲಿ ಮೋಲ್ಟ್ಕೆಯು ಬರ್ಲಿನ್ ಹ್ಯಾಂಬರ್ಗ್ ರೈಲ್ವೆ ಕಂಪೆನಿಯ ನಿರ್ದೇಶಕರಲ್ಲಿ ಒಬ್ಬನಾದನು. ರೈಲುದಾರಿಯನ್ನು ಹಾಕುವಾಗ ಏನೇನನ್ನು ಗಮನಿಸಬೇಕೆಂಬ ವಿಷಯವಾಗಿ ೧೮೪೩ರಲ್ಲಿ ಒಂದು ಲೇಖನವನ್ನೂ ಬರೆದನು. ಜರ್ಮನಿಯಲ್ಲಿ ರೈಲು ಓಡತೊಡಗಿ ಆಗಿನ್ನೂ ಹತ್ತು ವರ್ಷವಾಗಿರಲಿಲ್ಲ. ಸೈನ್ಯದ ಹಿರಿಯರು ಅಶ್ವದಳದ ಸೊಗಸನ್ನು ಕುರಿತು ಮಾತನಾಡುತ್ತಿದ್ದಾಗ, ಈತನು ಗಂಟೆಗೆ ಎಷ್ಟು ಗಾಡಿ, ಗಾಡಿಗೆ ಎಷ್ಟು ಜನ ಎಂದು ಲೆಕ್ಕ ಹಾಕುತ್ತಿದ್ದನು. ಅನಂತರ ರೋಮ್, ಮ್ಯಾಗ್ಡೆಬರ್ಗ್, ರಾಜಕುಮಾರನ ಅಂಗರಕ್ಷಕಪದವಿ ಎಂದು ಹಲವು ವರ್ಷಗಳು ಕಳೆದವು. ಅವುಗಳನ್ನು ಬಿಟ್ಟು ಮುಂದೆ ಹೋಗೋಣ.

೧೮೫೭ನೆಯ ಅಕ್ಟೋಬರಿನಲ್ಲಿ ಮೋಲ್ಟ್ಕೆಗೆ ಪ್ರಷ್ಯದ ಜನರಲ್ ಸ್ಟಾಫಿನ ಮುಖ್ಯಾಧಿಕಾರ ಬಂದಿತು. ಈ ಮಾತಿಗೆ ಸಮನಾದ ಕನ್ನಡ ಶಬ್ದವು ನನಗೆ ದೊರೆತಿಲ್ಲ, ಆದುದರಿಂದ ವಿವರಿಸಿಯೇ ಹೇಳುತ್ತೇನೆ. ಸೈನ್ಯಕ್ಕೆ ಕಾದುವ ಕೈಗಳಿದ್ದರೆ ಸಾಲದು. ಎಲ್ಲಿ ಯಾವ ದಾರಿಯಿದೆ, ಸೇತುವೆಯು ಎಷ್ಟು ಭಾರವನ್ನು ತಡೆಯುತ್ತದೆ, ಶತ್ರುವಿನ ಬಲವೆಷ್ಟು, ಲಕ್ಷ ಜನಕ್ಕೆ ರೊಟ್ಟಿ ಎಲ್ಲಿಂದ ಬರಬೇಕು ಎಂಬುದನ್ನು ಶಾಂತಿಯ ಕಾಲದಲ್ಲಿಯೇ ಕುಳಿತು ಯೋಚಿಸುವ ತಲೆಗಳೂ ಬೇಕು. ಅಂಥ ತಲೆಗಳ ಕಚೇರಿಯೇ ಜನರಲ್ ಸ್ಟಾಫ್. ಮೋಲ್ಟ್ಕೆ ಬಂದಾಗ ಅದು ಯುದ್ಧಮಂತ್ರಿಯ ಇಲಾಖೆಯ ಕೈಕೆಳಗೆ ನಕ್ಷೆ ಬರೆದುಕೊಂಡಿದ್ದ ಒಂದು ಮೂಲೆ. ರಾಜನನ್ನು ನೇರವಾಗಿ ಕಾಣುವ ಹಕ್ಕು ಅದರ ಮುಖ್ಯನಿಗಿರಲಿಲ್ಲ. ಆತನು ಗದ್ದಲವಿಲ್ಲದೆ ಅದನ್ನು ಬೆಳಸಿದನು. ಯುದ್ಧವಿದ್ಯಾಶಾಲೆಯಲ್ಲಿ ಓದಿದವರಲ್ಲಿ ಜಾಣರನ್ನು ಆರಿಸಿ ತಂದು ಕಚೇರಿಯಲ್ಲಿ ಪಳಗಿಸಿ, ಕೆಲವು ಕಾಲ ರೆಜಿಮೆಂಟುಗಳಿಗೆ ಕಳುಹಿಸಿ, ಮತ್ತೆ ಕರೆದುಕೊಳ್ಳುವನು. ಹೀಗೆ ಸೈನ್ಯದ ಪ್ರತಿಯೊಂದು ಭಾಗದಲ್ಲಿಯೂ ಒಂದೇ ರೀತಿಯಲ್ಲಿ ಯೋಚಿಸಬಲ್ಲ ಒಬ್ಬಿಬ್ಬರು ನೆಲೆಯಾದರು. ರೈಲಿಗೆಂದೇ ಬೇರೆ ಶಾಖೆಯಾಯಿತು.

ಆತನ ಯುದ್ಧತಂತ್ರದ ತಿರುಳನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸುಮಾರು ೩೦,೦೦೦ ಜನರ ಒಂದು ದಳವು ತನ್ನ ಫಿರಂಗಿ, ಬಂಡಿ, ಕುದುರೆಗಳೊಡನೆ ಒಂದೇ ದಾರಿಯಲ್ಲಿ ನಡೆದರೆ, ಮುಂದಿನವರು ಸಂಜೆ ಬೀಡುಬಿಡುವ ಹೊತ್ತಿಗೆ ಹಿಂದಿನವರು ಇನ್ನೂ ದಾರಿಯಲ್ಲಿಯೇ ಇರುವರು. ದಿನಕ್ಕೆ ಒಂದು ದಾರಿಯಲ್ಲಿ ಒಂದು ದಳಕ್ಕಿಂತ ಹೆಚ್ಚು ನಡೆಯಲಾರದು. ಹಾಗಾದರೆ ಎರಡು ಲಕ್ಷ ಸೈನ್ಯವನ್ನು ಮೊದಲೇ ಒಂದೆಡೆ ಗುಂಪುಹಾಕಿದರೆ, ಅದು ಅಲ್ಲಿ ತಿನ್ನಲಾರದು, ಅಲ್ಲಿಂದ ಅಲುಗಲಾರದು. ಬೇರೆಬೇರೆಯಾಗಿ ನಡೆಯಬೇಕು, ಕಾದುವ ದಿನ ಒಂದಾಗಬೇಕು. ಇದು ಕೇಳುವುದಕ್ಕೆ ಸುಲಭ. ಒಂದಾಗುವುದು ಒಂದು ದಿನ ತಡವಾದರೆ ಬೇರೆಬೇರೆಯಾಗಿಯೇ ಸಾಯಬೇಕಾಗುತ್ತದೆ. ಅಲ್ಲದೆ ಯಾವ ಯೋಜನೆಯೂ ಶತ್ರುವಿನ ಮುಖ್ಯ ಬಲವನ್ನು ಎದುರಿಸುವವರೆಗೆ ಮಾತ್ರ ನಂಬಿಕೆಗೆ ತಕ್ಕುದು, ಆಮೇಲೆ ನಡೆಯುವುದನ್ನು ಯಾರೂ ಮೊದಲೇ ಬರೆದಿಡಲಾರರು ಎಂಬುದು ಆತನ ದೃಢವಾದ ಅಭಿಪ್ರಾಯವಾಗಿದ್ದಿತು. ಆದುದರಿಂದ ಆತನ ಅಪ್ಪಣೆಗಳು ಚಿಕ್ಕವು. ಇಂಥದು ಆಗಬೇಕು ಎಂದು ಹೇಳುವುವು. ಹೇಗೆ ಎಂಬುದನ್ನು ಸ್ಥಳದಲ್ಲಿರುವವನಿಗೆ ಬಿಡುವುವು. ಪೂರ್ವಸಿದ್ಧತೆಯಲ್ಲಿ ಕೂದಲೆಳೆಯಷ್ಟು ಲೆಕ್ಕ, ಕಾರ್ಯದಲ್ಲಿ ಸ್ವಾತಂತ್ರ್ಯ. ಈ ಎರಡೂ ಒಂದೇ ತಲೆಯಲ್ಲಿ ಸೇರಿದ್ದೇ ಆತನ ವಿಶೇಷವೆಂದು ನನ್ನ ಎಣಿಕೆ.

೧೮೬೪ರಲ್ಲಿ ಡೆನ್ಮಾರ್ಕಿನ ಮೇಲೆ ಯುದ್ಧವಾಯಿತು. ತನಗೆ ವಿದ್ಯೆ ಕಲಿಸಿದ ದೇಶದ ಮೇಲೆಯೇ ಆ ವಿದ್ಯೆಯನ್ನು ಪ್ರಯೋಗಿಸಬೇಕಾಯಿತು. ಎರಡೇ ವರ್ಷಕ್ಕೆ, ಬಿಸ್ಮಾರ್ಕ್ ಮಂತ್ರಿಯ ನೀತಿಯ ಫಲವಾಗಿ, ಜರ್ಮನ್ ಸಂಸ್ಥಾನಗಳಲ್ಲಿ ಹಿರಿಯರು ಯಾರೆಂಬ ಪ್ರಶ್ನೆಯ ಮೇಲೆ ಆಸ್ಟ್ರಿಯಕ್ಕೂ ಪ್ರಷ್ಯಕ್ಕೂ ಯುದ್ಧ ಹತ್ತಿತು. ೧೮೬೬ನೆಯ ಜೂನ್ ೨ರಂದು ಇನ್ನು ಮುಂದೆ ಮೋಲ್ಟ್ಕೆಯು ಸೈನ್ಯಗಳಿಗೆ ನೇರವಾಗಿ ಅಪ್ಪಣೆ ಕಳುಹಿಸಬಹುದೆಂದು ರಾಜನ ನಿರೂಪವಾಯಿತು. ನಿಜಿಪ್ಪಿನ ಸಲಹೆಗಾರನಿಗೆ ಕೊನೆಗೆ ಅಧಿಕಾರ ದೊರೆಯಿತು. ಆದರೂ ಯುದ್ಧದ ನಡುವೆ ಆತನ ಅಪ್ಪಣೆಯೊಂದು ಕೈಗೆ ಬಂದಾಗ ದಳಪತಿಯೊಬ್ಬನು, ಅಪ್ಪಣೆಯೇನೋ ಸರಿ, ಈ ಜನರಲ್ ಮೋಲ್ಟ್ಕೆ ಯಾರು ಎಂದು ಕೇಳಿದನಂತೆ!

ಪ್ರಷ್ಯಕ್ಕೆ ಗಡಿಯವರೆಗೆ ಐದು ರೈಲುದಾರಿಗಳು, ಆಸ್ಟ್ರಿಯಕ್ಕೆ ಒಂದೇ. ಮೋಲ್ಟ್ಕೆಯು ಐದನ್ನೂ ಬಳಸಿ ಮೂರು ಸೈನ್ಯಗಳನ್ನು ಬಿಲ್ಲಿನಂತೆ ಬಾಗಿದ ನೂರಾರು ಮೈಲಿಯ ಗಡಿಯಲ್ಲಿ ಇಳಿಸಿದನು. ಇಷ್ಟು ದೂರ ಹರಡಿದ ಸೈನ್ಯವನ್ನು ಶತ್ರುವು ಒಂದೊಂದಾಗಿ ಮುರಿಯುವನೆಂದು ಹಿರಿಯ ಸೇನಾನಿಗಳು ಗಾಬರಿಪಟ್ಟರು. ಮೂರೂ ಬೊಹೀಮಿಯದೊಳಕ್ಕೆ ಇಳಿದವು. ಜುಲೈ ೨ರ ರಾತ್ರಿ, ಆಸ್ಟ್ರಿಯದ ಬೆನೆಡೆಕ್ಕನ ಸೈನ್ಯವು ಕೊನಿಗ್ರೇಟ್ಸಿನ ಮುಂದೆ ನಿಂತಿದೆಯೆಂಬ ಸುದ್ದಿ ಬಂದಿತು. ಯುವರಾಜನ ಸೈನ್ಯವು ಇನ್ನೂ ದೂರದಲ್ಲಿದೆ. ಅದರ ಪಾಳೆಯಕ್ಕೆ ತಂತಿಯಿಲ್ಲ. ಸವಾರನೊಬ್ಬನು ಕತ್ತಲಲ್ಲಿ ಕುದುರೆಯ ಮೇಲೆ ಹೊರಟು ಬೆಳಗಿನ ಜಾವಕ್ಕೆ ಅಪ್ಪಣೆಯನ್ನು ಮುಟ್ಟಿಸಿದನು. ಮರುದಿನ ಮಳೆ, ಕೆಸರು, ಮಂಜು. ಎರಡು ಕಡೆಯೂ ಸೇರಿ ನಾಲ್ಕು ಲಕ್ಷಕ್ಕೆ ಮೀರಿದ ಜನ. ಮಧ್ಯಾಹ್ನದವರೆಗೆ ಪ್ರಷ್ಯದ ಒಂದು ಸೈನ್ಯವು ಆಸ್ಟ್ರಿಯದ ಫಿರಂಗಿಗಳ ಮುಂದೆ ಸವೆಯುತ್ತಿದ್ದಿತು, ಯುವರಾಜನ ಸುಳಿವಿಲ್ಲ. ಬಿಸ್ಮಾರ್ಕನು ಮೋಲ್ಟ್ಕೆಯ ಮನಸ್ಸನ್ನು ತಿಳಿಯಲು ಚುಟ್ಟದ ಪೆಟ್ಟಿಗೆಯನ್ನು ಮುಂದೆ ಹಿಡಿದನಂತೆ. ಅದರಲ್ಲಿ ಎರಡೇ ಉಳಿದಿದ್ದವು. ಮೋಲ್ಟ್ಕೆಯು ಎರಡನ್ನೂ ನಿಧಾನವಾಗಿ ನೋಡಿ ಉತ್ತಮವಾದುದನ್ನು ಆರಿಸಿಕೊಂಡನು. ಇಷ್ಟು ಸಮಾಧಾನವಿದ್ದರೆ ಭಯವಿಲ್ಲವೆಂದು ಬಿಸ್ಮಾರ್ಕನಿಗೆ ಧೈರ್ಯ ಬಂದಿತಂತೆ. ಮಧ್ಯಾಹ್ನದ ಮೇಲೆ ಯುವರಾಜನ ದಳಗಳು ಶತ್ರುವಿನ ಬಲಪಕ್ಕಕ್ಕೆ ನುಗ್ಗಿದವು. ಸಂಜೆಗೆ ಆಸ್ಟ್ರಿಯವು ಸುಮಾರು ೪೪,೦೦೦ ಜನರನ್ನು ಕಳೆದುಕೊಂಡಿತ್ತು, ಪ್ರಷ್ಯವು ಸುಮಾರು ೯,೦೦೦. ಪ್ರಷ್ಯದ ಕಾಲಾಳು ಮಲಗಿದಲ್ಲಿಂದಲೇ ತುಂಬಿ ಹಾರಿಸಬಹುದಾಗಿದ್ದ ಡ್ರೈಸೆಯ ಬಂದೂಕಿಗೂ ಈ ಜಯದಲ್ಲಿ ಪಾಲುಂಟು ಎಂಬುದನ್ನು ಮರೆಯಬಾರದು.

ದೇಶವು ಕೊಟ್ಟ ಬಹುಮಾನದ ಹಣದಿಂದ ಮೋಲ್ಟ್ಕೆಯು ೧೮೬೭ರಲ್ಲಿ ಕ್ರೈಸೌವನ್ನು ಕೊಂಡನು. ಮರುವರ್ಷ ಕ್ರಿಸ್‌ಮಸ್ಸಿನ ಹಿಂದಿನ ದಿನ ಮೇರಿ ತೀರಿಕೊಂಡಳು. ಹಳ್ಳಿಯ ಗುಡ್ಡದ ಮೇಲೆ ಅವಳಿಗೊಂದು ಸಮಾಧಿಮಂದಿರವನ್ನು ಕಟ್ಟಿಸಿ, ಊರಿನಲ್ಲಿದ್ದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದನು.

೧೮೭೦ರ ಜುಲೈಯಲ್ಲಿ ಫ್ರಾನ್ಸಿನೊಡನೆ ಯುದ್ಧ ಹತ್ತಿದಾಗ ಎಲ್ಲವೂ ವೇಳಾಪಟ್ಟಿಯಲ್ಲಿ ಸಿದ್ಧವಾಗಿದ್ದಿತು. ಹದಿನೆಂಟು ದಿನಗಳಲ್ಲಿ ಸುಮಾರು ೪,೬೦,೦೦೦ ಸೈನಿಕರು ರೈಲಿನಲ್ಲಿ ಗಡಿಯನ್ನು ಸೇರಿದರು. ಫ್ರಾನ್ಸಿನಲ್ಲಾದರೋ ಸಿಪಾಯಿಗಳು ತಮ್ಮ ರೆಜಿಮೆಂಟನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದರು. ಹಾಗೆಂದು ಮೋಲ್ಟ್ಕೆಯ ಎಣಿಕೆಯೆಲ್ಲ ಸಲೀಸಾಗಿ ನಡೆಯಿತೆಂದಲ್ಲ. ಕೆಳಗಿನವರಿಗೆ ಸ್ವಾತಂತ್ರ್ಯ ಕೊಟ್ಟರೆ ಅದನ್ನು ದುರುಪಯೋಗ ಮಾಡುವವರೂ ಇರುತ್ತಾರೆ. ಮುದುಕ ಸ್ಟೈನ್‌ಮೆಟ್ಸನು ಹಟದಿಂದ ಅಪ್ಪಣೆಗಳನ್ನು ಮೀರಿದನು. ಆಗಸ್ಟ್ ೧೮ರಂದು ಗ್ರಾವಲೊಟ್ಟಿನಲ್ಲಿ ತನ್ನ ಜನರನ್ನು ಇಕ್ಕಟ್ಟಾದ ಕಣಿವೆಯೊಂದಕ್ಕೆ ಅಟ್ಟಿದನು. ಸಂಜೆ ಮತ್ತೊಂದು ದಳವನ್ನು ಅಲ್ಲಿಗೇ ಕಳುಹಿಸಲು ರಾಜನು ಒಪ್ಪಿದಾಗ ಮೋಲ್ಟ್ಕೆಯು ಹತ್ತಿರದಲ್ಲಿಯೇ ಇದ್ದನು, ತಡೆಯಲಿಲ್ಲ. ಒಂದೇ ದಿನ ಜರ್ಮನ್ ಕಡೆಯಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ೨೦,೦೦೦ ಜನ. ತಾನು ಬರೆದ ಯುದ್ಧಚರಿತ್ರೆಯಲ್ಲಿ, ಆ ವೇಳೆಯಲ್ಲಿ ಆ ಮುನ್ನಡೆಗೆ ಸ್ಥಳದಲ್ಲಿದ್ದ ಜನರಲ್ ಸ್ಟಾಫಿನ ಮುಖ್ಯನು ಅವಕಾಶ ಕೊಡದಿದ್ದರೆ ಚೆನ್ನಾಗಿತ್ತೆಂದು ಆತನೇ ಒಪ್ಪಿಕೊಂಡಿದ್ದಾನೆ. ಸೇನಾನಿಗಳ ಗ್ರಂಥಗಳಲ್ಲಿ ಇಂಥ ವಾಕ್ಯಗಳು ಅಪರೂಪ.

ಮೆಟ್ಸಿನಲ್ಲಿ ಸಿಕ್ಕಿಬಿದ್ದ ಬಜೇನನನ್ನು ಬಿಡಿಸಲು ಮ್ಯಾಕ್‌ಮಹೊನ್ ಸೇನಾನಿಯು ಹೊರಟಿರುವನೆಂಬ ಸುಳಿವು ಸಿಕ್ಕಿದ್ದು ಬಹುಮಟ್ಟಿಗೆ ಪ್ಯಾರಿಸಿನ ಪತ್ರಿಕೆಗಳಿಂದಲೇ. ಅವು ಅಚ್ಚುಹಾಕಿದ ಸುದ್ದಿಯು ಲಂಡನ್ನಿನ ದಾರಿಯಾಗಿ ತಂತಿಯ ಮೂಲಕ ಜರ್ಮನ್ ಪಾಳೆಯಕ್ಕೆ ಬಂದಿತು. ಮೋಲ್ಟ್ಕೆಯು ಪ್ಯಾರಿಸಿನ ಕಡೆಗೆ ಹೊರಟಿದ್ದ ಸೈನ್ಯಗಳನ್ನು ಉತ್ತರಕ್ಕೆ ತಿರುಗಿಸಿದನು. ಸೆಪ್ಟೆಂಬರ್ ೧ರಂದು ಸೆಡಾನಿನಲ್ಲಿ ಫ್ರೆಂಚ್ ಸೈನ್ಯವು ಬಲೆಗೆ ಬಿದ್ದಿತು. ಆ ರಾತ್ರಿ ಷರತ್ತುಗಳ ಮಾತುಕತೆಯಲ್ಲಿ ಫ್ರೆಂಚ್ ಜನರಲ್ ವಿಂಪ್‌ಫೆನ್ನನು ಗೌರವದ ಮಾತೆತ್ತಿದಾಗ, ಮೋಲ್ಟ್ಕೆಯು ಧ್ವನಿಯೇರಿಸದೆ, ನಿಮ್ಮ ಸುತ್ತ ೫೦೦ ಫಿರಂಗಿಗಳಿವೆ, ಬೇಕಾದರೆ ನಿಮ್ಮ ಅಧಿಕಾರಿಯೊಬ್ಬನಿಗೆ ತೋರಿಸುವೆವು ಎಂದನು. ಮರುದಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನೂ ಸೇರಿ ಸುಮಾರು ಒಂದು ಲಕ್ಷ ಜನ ಸೆರೆಯಾದರು.

ಇಲ್ಲಿಗೆ ಯುದ್ಧವು ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಪ್ಯಾರಿಸಿನ ಜನ ಪ್ರಜಾರಾಜ್ಯವನ್ನು ಸಾರಿ ಹೊಸ ಸೈನ್ಯಗಳನ್ನು ಎಬ್ಬಿಸಿದರು. ನಗರಕ್ಕೆ ಮುತ್ತಿಗೆ ಬಿದ್ದಿತು. ಮುತ್ತಿಗೆಯ ಬೀಡಿನಲ್ಲಿ ಮತ್ತೊಂದು ಯುದ್ಧ, ಬಿಸ್ಮಾರ್ಕನಿಗೂ ಮೋಲ್ಟ್ಕೆಗೂ. ಬೇರೆ ರಾಷ್ಟ್ರಗಳು ನಡುವೆ ಕೈಹಾಕುವ ಮೊದಲೇ ಗುಂಡುಹೊಡೆದು ಮುಗಿಸಬೇಕೆಂದು ಮಂತ್ರಿ. ಸಾಕಷ್ಟು ಗುಂಡು ಬರಲಿ, ಅಲ್ಲಿಯವರೆಗೆ ಹಸಿವು ಕೆಲಸ ಮಾಡಲಿ ಎಂದು ಸೇನಾನಿ. ಅದಕ್ಕಿಂತ ಆಳವಾದ ಜಗಳವೂ ಇದ್ದಿತು. ಫ್ರಾನ್ಸು ಮತ್ತೆ ತಲೆಯೆತ್ತದಂತೆ ಕೊನೆಯವರೆಗೆ ಹೋರಾಡಬೇಕೆಂಬುದು ಆಗ ಮೋಲ್ಟ್ಕೆಯ ನಿಲುವು. ಯುದ್ಧ ಆರಂಭವಾದ ಮೇಲೆ ರಾಜಕಾರಣವು ಬಾಯಿಮುಚ್ಚಿಕೊಂಡಿರಬೇಕೆಂದು ಆತನು ತಿಳಿದಿದ್ದನು. ಕ್ಲೌಸೆವಿಟ್ಸನು ಇದಕ್ಕೆ ಒಪ್ಪುತ್ತಿರಲಿಲ್ಲ. ೧೮೭೧ನೆಯ ಜನವರಿ ೨೫ರಂದು ರಾಜನು ಮಂತ್ರಿಯ ಪಕ್ಷಕ್ಕೆ ತೀರ್ಪುಕೊಟ್ಟನು. ಮೂರು ದಿನಗಳಲ್ಲಿ ಕದನವಿರಾಮವಾಯಿತು. ಆ ತೀರ್ಪು ವಿವೇಕದ್ದೆಂದು ನಾನು ತಿಳಿದಿದ್ದೇನೆ. ಆದರೆ ಮಂತ್ರಿಯ ಜಾಗದಲ್ಲಿ ಬಿಸ್ಮಾರ್ಕನಂಥವನಿಲ್ಲದಿದ್ದರೆ ತೀರ್ಪು ಯಾವ ಕಡೆಗೆ ಹೋದೀತೆಂಬ ಪ್ರಶ್ನೆಯು ಉಳಿದೇ ಹೋಯಿತು.

ಮೋಲ್ಟ್ಕೆಯು ಫೀಲ್ಡ್ ಮಾರ್ಷಲನಾಗಿ ೧೮೮೮ರವರೆಗೆ ಆ ಕಚೇರಿಯ ಮುಖ್ಯನಾಗಿಯೇ ಇದ್ದನು. ಶಾಶ್ವತವಾದ ಶಾಂತಿಯೆಂಬುದು ಒಂದು ಕನಸು, ಅದೂ ಅಂಥ ಸುಂದರವಾದ ಕನಸಲ್ಲ ಎಂಬ ಅರ್ಥದ ಕಠೋರವಾದ ಮಾತನ್ನು ೧೮೮೦ರಲ್ಲಿ ಹೈಡೆಲ್‌ಬರ್ಗಿನ ನ್ಯಾಯಶಾಸ್ತ್ರಜ್ಞ ಬ್ಲುಂಟ್ಷ್ಲಿಗೆ ಬರೆದವನು ಈತನೇ. ಆದರೆ ಆತನ ಗುಪ್ತಯೋಜನೆಗಳು ಬೇರೆ ಮಾತನ್ನು ಹೇಳುತ್ತಿದ್ದವು. ಫ್ರಾನ್ಸು ರಷ್ಯಗಳೆರಡೂ ಒಟ್ಟಿಗೆ ಎದುರಾದರೆ ಎರಡನ್ನೂ ಕೆಡವುವುದು ಜರ್ಮನಿಗೆ ಸಾಧ್ಯವಿಲ್ಲ, ಗಡಿಯನ್ನು ಕಾದುಕೊಂಡು ಸಂಧಿಯನ್ನು ರಾಜಕಾರಣಿಗಳಿಗೆ ಬಿಡಬೇಕೆಂಬ ನಿರ್ಣಯಕ್ಕೆ ಲೆಕ್ಕವೇ ಆತನನ್ನು ತಂದಿದ್ದಿತು. ೧೮೯೦ನೆಯ ಮೇ ೧೪ರಂದು ಜರ್ಮನ್ ಪಾರ್ಲಿಮೆಂಟಿನಲ್ಲಿ ಆ ಮೌನಿಯು ಎದ್ದು ನಿಂತನು. ಅರಸರು ನಡೆಸುವ ಯುದ್ಧಗಳ ಕಾಲ ಕಳೆಯಿತು. ಇನ್ನು ಬರುವುದು ಜನಾಂಗಗಳ ಯುದ್ಧ. ಅದು ಏಳು ವರ್ಷ ನಡೆದೀತು, ಮೂವತ್ತು ವರ್ಷವೂ ನಡೆದೀತು. ಅದಕ್ಕೆ ಮೊದಲು ಕಿಡಿಯಿಟ್ಟವನ ಪಾಪ ದೊಡ್ಡದು ಎಂಬುದು ಆತನ ಭಾಷಣದ ಸಾರ. ಸೈನ್ಯದ ವೆಚ್ಚವನ್ನು ಹೆಚ್ಚಿಸಬೇಕೆಂಬ ಮಸೂದೆಯ ಪರವಾಗಿ ಆಡಿದ ಮಾತಾದರೂ ಸಭೆಯು ನಿಶ್ಶಬ್ದವಾಗಿ ಕೇಳಿತು. ಮರುವರ್ಷ ಏಪ್ರಿಲ್ ೨೪ರಂದು ಬರ್ಲಿನ್ನಿನಲ್ಲಿ ತೀರಿಕೊಂಡನು.

೧೯೧೪ನೆಯ ಆಗಸ್ಟ್ ೧ರಂದು ಆತನ ಕುರ್ಚಿಯಲ್ಲಿದ್ದವನು ಆತನ ಅಣ್ಣತಮ್ಮಂದಿರಲ್ಲಿ ಒಬ್ಬನ ಮಗ, ಹೆಸರೂ ಹೆಲ್ಮೂಟನೆಂದೇ. ಆ ವೇಳೆಗೆ ಕಚೇರಿಯ ಯೋಜನೆಯು ತಲೆಕೆಳಗಾಗಿದ್ದಿತು. ಮೊದಲು ಫ್ರಾನ್ಸನ್ನು ಕೆಡವಬೇಕು, ಅದಕ್ಕಾಗಿ ಬೆಲ್ಜಿಯಮ್ಮನ್ನು ತುಳಿಯಬೇಕು. ಇಂಗ್ಲೆಂಡ್ ದೂರವಿದ್ದೀತೆಂಬ ಸುದ್ದಿಯನ್ನು ನಂಬಿ ಚಕ್ರವರ್ತಿಯು, ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಎಂದನು. ಆಗುವುದಿಲ್ಲ, ವರ್ಷವೆಲ್ಲ ಕುಳಿತು ಮಾಡಿದ ರೈಲುಗಳ ಏರ್ಪಾಡು ಕೆಟ್ಟುಹೋಗುತ್ತದೆ ಎಂದು ಈತನು ಉತ್ತರಕೊಟ್ಟನು. ನಿನ್ನ ದೊಡ್ಡಪ್ಪನಾಗಿದ್ದರೆ ಬೇರೆ ಉತ್ತರ ಕೊಡುತ್ತಿದ್ದನೆಂದು ಚಕ್ರವರ್ತಿಯು ಚುಚ್ಚಿದನು. ವೇಳಾಪಟ್ಟಿಯು ಉಳಿದಿತ್ತು, ಅದನ್ನು ಬರೆದವನ ಸಂದೇಹವು ಉಳಿದಿರಲಿಲ್ಲ.

ಕ್ರೈಸೌ ಮನೆಯು ಸಂತತಿಯಿಲ್ಲದ ಮೋಲ್ಟ್ಕೆಯಿಂದ ಅಣ್ಣತಮ್ಮಂದಿರ ಮಕ್ಕಳಿಗೆ ಹೋಯಿತು. ಅವರ ಪೀಳಿಗೆಯ ಹೆಲ್ಮೂಟ್ ಜೇಮ್ಸನು ವಕೀಲ, ಹಿಟ್ಲರನ ವಿರೋಧಿ. ೧೯೪೨ ಮತ್ತು ೧೯೪೩ರಲ್ಲಿ ಸ್ನೇಹಿತರನ್ನು ಆ ಹಳ್ಳಿಯಲ್ಲಿ ಗುಟ್ಟಾಗಿ ಕೂಡಿಸಿ, ನಾಜಿಗಳು ಬಿದ್ದಮೇಲೆ ಜರ್ಮನಿಯು ಹೇಗಿರಬೇಕೆಂದು ಚರ್ಚಿಸಿದನು. ೧೯೪೫ನೆಯ ಜನವರಿ ೨೩ರಂದು ಬರ್ಲಿನ್ನಿನ ಸೆರೆಮನೆಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಅದೇ ವರ್ಷ ಆ ಪ್ರಾಂತವು ಪೋಲೆಂಡಿಗೆ ಸೇರಿತು. ಹಳ್ಳಿಯ ಹೆಸರು ಈಗ ಕ್ಷಿಝೋವ. ೧೯೮೯ನೆಯ ನವೆಂಬರ್ ೧೨ರಂದು ಅದೇ ಮನೆಯ ಅಂಗಳದಲ್ಲಿ ಪೋಲೆಂಡಿನ ಮತ್ತು ಜರ್ಮನಿಯ ಪ್ರಧಾನರು ಒಟ್ಟಿಗೆ ಪ್ರಾರ್ಥನೆಯಲ್ಲಿ ನಿಂತರ. ಈಗ ಅಲ್ಲಿ ನಾನಾ ದೇಶದ ಯುವಕ ಯುವತಿಯರು ಬಂದು ಸೇರುವ ಕೇಂದ್ರವಿದೆ. ಅವರು ಏರುವ ಮೆಟ್ಟಿಲಿನ ಪಕ್ಕದ ಗೋಡೆಗಳ ಮೇಲೆ ಹಳೆಯ ಚಿತ್ರಗಳೆರಡು ಹಾಗೆಯೇ ಇವೆ. ಒಂದರಲ್ಲಿ ೧೮೦೬ನೆಯ ಇಸವಿ, ಫ್ರೆಂಚರು ಲ್ಯೂಬೆಕ್ ಪಟ್ಟಣವನ್ನು ಲೂಟಿಮಾಡುತ್ತಿದ್ದಾರೆ. ಇನ್ನೊಂದರಲ್ಲಿ ೧೮೭೧, ಜರ್ಮನರು ಪ್ಯಾರಿಸನ್ನು ಹೊಗುತ್ತಿದ್ದಾರೆ.